ಕಲರ್ ಎಂಗೆ?

೧

ಅವನು ಹೋದ ಸುದ್ದಿ ಬಂದಾಗ ನಾನು ದಿಂಡಿಗಲ್ಲಿನ ನನ್ನ ಅಂಗಡಿಯಲ್ಲಿ ಒಂದು ಹಳೆಯ ಟಿವಿಯ ಮುಂದೆ ಕೂತಿದ್ದೆ ಎಂದು ಬರೆದರೆ ಚೆನ್ನಾಗಿ ಒಪ್ಪುತ್ತದೆ. ಆದರೆ ನಾನು ಕೂತಿದ್ದದ್ದು ಕ್ಷೌರದಂಗಡಿಯಲ್ಲಿ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದಕ್ಕೆ ನೊರೆ ಹಚ್ಚಿತ್ತು. ಬೋಡಿನಾಯಕನೂರಿನಿಂದ ಚಿಕ್ಕಮ್ಮ ಫೋನು ಮಾಡಿ, "ನಿನ್ ಮಚ್ಚಾನ್ ಓಗ್ಬುಟ್ಟ ಕಣಪ್ಪಾ" ಎಂದಳು. ಮೊದಲು ಬಂದದ್ದು ದುಃಖವಲ್ಲ. ಇನ್ನು ಯಾರೂ ಅವನ ಕಡೆ ಗದ್ದ ತಿರುಗಿಸುವುದಿಲ್ಲ ಎಂಬ ಸಮಾಧಾನ ಬಂತು. ಅದಾದ ಮೇಲೆ ನಾಚಿಕೆ. ದುಃಖ ಮೂರನೆಯದಾಗಿ ಬಂದಿತು, ಬಂದಿದ್ದರೆ.

ಗದ್ದದ ವಿಷಯ ಹೇಳಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ತೇನಿಯಲ್ಲಿ ನನ್ನ ಸೋದರಮಾವನದೊಂದು ಟಿವಿ ಅಂಗಡಿಯಿತ್ತು. ಅಲ್ಲಿ ನಾವಿಬ್ಬರು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಬಂದ ಸೋದರಳಿಯ, ಮಾರಾಟ ನನ್ನದು. ಅವನು ಹತ್ತನೆಯ ತರಗತಿಗೆ ನಿಂತ ದೂರದ ನೆಂಟ, ರಿಪೇರಿ ಅವನದು. ಭಾವಮೈದುನರ ವರಸೆಯಲ್ಲಿ ನಾನವನಿಗೆ ಮಾಪ್ಳೆ, ಅವನು ನನಗೆ ಮಚ್ಚಾನ್. ಯಾವ ಟಿವಿ ತೊಗೊಳ್ಳಲಿ ಎಂದು ಯಾರು ಕೇಳಿದರೂ ಮಾಮ ಬಾಯಿ ತೆರೆಯುತ್ತಿರಲಿಲ್ಲ. ಎಲೆಅಡಿಕೆ ತುಂಬಿದ ಬಾಯಿ. ಗದ್ದವನ್ನು ಎತ್ತಿ ಅಂಗಡಿಯ ಹಿಂದಿನ ಮೂಲೆಗೆ, ಅವನು ಕೂರುತ್ತಿದ್ದ ಸ್ಟೂಲಿನ ಕಡೆಗೆ ತಿರುಗಿಸುತ್ತಿದ್ದರು. ಅವ್ನ ಕೇಳಿ, ಅಂತ. ಆ ಗದ್ದ ನಾನು ನಿಂತ ಕಡೆಗೆ ತಿರುಗಬೇಕು ಎನ್ನುವುದು ನನ್ನ ಇಪ್ಪತ್ತನಾಲ್ಕನೆಯ ವಯಸ್ಸಿನ ಒಂದೇ ಆಸೆ. ಮದುವೆಯ ಆಸೆ ಕೂಡ ಅದಾದ ಮೇಲೆ ಬರುತ್ತಿತ್ತು.

ಅವನ ಹೆಸರು ಬರೆಯುವುದಿಲ್ಲ. ಗೌರವಕ್ಕಾಗಿ ಎಂದುಕೊಳ್ಳಬೇಡಿ. ಇಷ್ಟೆಲ್ಲ ಕೊಟ್ಟ ಮೇಲೆ ಹೆಸರನ್ನೂ ಏಕೆ ಕೊಡಲಿ ಎಂಬ ಜಿಪುಣತನ. 'ಅವರು' ಎಂದೂ ಬರೆಯಬೇಕಿತ್ತು, ಐದು ವರ್ಷ ದೊಡ್ಡವನು. ಹೊಟ್ಟೆಕಿಚ್ಚಿಗೆ ಬಹುವಚನ ಬರುವುದಿಲ್ಲ. ಈ ಅಕ್ಷರಗಳನ್ನು ನಾನು ಕಲಿತದ್ದೂ ಅದರಿಂದಲೇ. ಎಂದೋ ತಮಿಳುನಾಡಿಗೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಕನ್ನಡ ಬರೀ ಬಾಯಲ್ಲಿದೆ, ಕಾಗದದ ಮೇಲೆ ತಮಿಳು. ನಮ್ಮ ಬಾಯಿ ಹಕಾರವನ್ನು ಎಂದೋ ನುಂಗಿ ಹಾಕಿದೆ: ಹಾಲು ಆಲು, ಹೋಗು ಓಗು, ಹೆಂಗೆ ಎನ್ನುವುದು ಎಂಗೆ. ಅವನಿಗೆ ಬಾರದ್ದು ಒಂದಾದರೂ ನನಗೆ ಬರಲಿ ಎಂಬ ಹಠಕ್ಕೆ ಮೂವತ್ತು ದಾಟಿದ ಮೇಲೆ ಕನ್ನಡ ಓದುಬರಹ ಕಲಿತೆ. ಅವನಿಗೆ ಅದು ಗೊತ್ತೇ ಆಗಲಿಲ್ಲ. ವ್ಯರ್ಥ.

೩

ಎರಡನ್ನು ಬಿಟ್ಟು ಮೂರಕ್ಕೆ ಬಂದದ್ದು ಕೈತಪ್ಪಲ್ಲ.

ಆಗಿನ ದಪ್ಪ ಗಾಜಿನ ಟಿವಿ ಚಿತ್ರವನ್ನು ಒಂದೇ ಸಲಕ್ಕೆ ಬರೆಯುತ್ತಿರಲಿಲ್ಲ. ಮೊದಲು ಒಂದು, ಮೂರು, ಐದು ಎಂದು ಬೆಸ ಸಾಲುಗಳು. ಆಮೇಲೆ ಹಿಂದಕ್ಕೆ ಬಂದು ಎರಡು, ನಾಲ್ಕು, ಆರು. ಎರಡೂ ಅಷ್ಟು ಬೇಗ ಆಗುವುದರಿಂದ ಕಣ್ಣು ಪೂರ್ತಿ ಚಿತ್ರ ಕಂಡೆ ಎಂದು ನಂಬುತ್ತದೆ. ವಿಡಿಯೋ ಗೇಮಿನ ಪೆಟ್ಟಿಗೆಗಳು ಮಾತ್ರ ಸೋಮಾರಿಗಳು. ಅವು ಬರೆದ ಸಾಲುಗಳ ಮೇಲೇ ಮತ್ತೆ ಮತ್ತೆ ಬರೆಯುತ್ತಿದ್ದವು, ನಡುವಿನವು ಕಪ್ಪಾಗಿಯೇ ಉಳಿಯುತ್ತಿದ್ದವು. ಇದನ್ನು ನಾನು ಡಿಪ್ಲೊಮಾದಲ್ಲಿ ಓದಿದ್ದೆ. ಅವನು ಕಣ್ಣಲ್ಲಿ ಕಂಡಿದ್ದ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮುಂಗೈ ಕೂದಲು ನೆಟ್ಟಗಾಗುವ ತನಕ ಅಲ್ಲೇ ಇದ್ದು, "ಸಾಲು ಬಿಟ್ಟೈತೆ" ಎನ್ನುತ್ತಿದ್ದ, ನೇಗಿಲು ಹಿಡಿದವರ ದನಿಯಲ್ಲಿ.

ಕಂಬಂ ಕಡೆಯ ದ್ರಾಕ್ಷಿ ತೋಟದವರೊಬ್ಬರು, ನಮ್ಮವರೇ, ಒಂದು ದಿನ ಬಂದರು. ಸಿಂಗಪುರದಿಂದ ಯಾರೋ ತಂದುಕೊಟ್ಟ ಗೇಮಿನ ಪೆಟ್ಟಿಗೆ ಅವರ ಚೀಲದಲ್ಲಿತ್ತು.

"ಇದಕ್ಕೆ ಇರೋದ್ರಾಗೇ ಪೆರಿಸು ಟಿವಿ ಕೊಡ್ರಪ್ಪಾ. ಊರೇ ಬಂದು ನೋಡ್ಬೇಕು," ಎಂದರು.

ನಾನು ಇದ್ದುದರಲ್ಲಿ ದೊಡ್ಡದಾದ ಇಪ್ಪತ್ತೊಂಬತ್ತು ಇಂಚಿನದರ ಕಡೆ ಕೈ ತೋರಿಸಿದೆ. ಅಷ್ಟರಲ್ಲಿ ಮಾಮನ ಗದ್ದ ಎದ್ದಿತ್ತು. ಅವನು ಮೂಲೆಯಿಂದಲೇ ಹೇಳಿದ:

"ಪೆರಿಸು ಬ್ಯಾಡ ಅಣ್ಣಾ. ಇಪ್ಪತ್ತೊಂದು ತಕ್ಕಳಿ."

"ಯಾಕ್ಲಾ? ನನ್ ಕೈಲಿ ಆಗಲ್ಲ ಅಂದ್ಕಂಡ್ಯಾ?"

"ಅದಲ್ಲ. ನಿಮ್ ಒಲದಾಗೆ ಒಂದು ಸಾಲು ಬಿಟ್ಟು ಒಂದು ಸಾಲು ಬಿತ್ತೀರಾ ಅನ್ನಿ. ಸಣ್ಣ ತಾಕಾದ್ರೆ ಗಿಡ ಬೆಳ್ದು ನಡುವಿನ ಮಣ್ಣು ಮುಚ್ಚೋಯ್ತೈತೆ. ಅದ್ನೇ ಇಡ್ದು ಎಳ್ದು ನಾಕು ಎಕ್ರೆ ಮಾಡುದ್ರೆ? ಬೆಳೆ ಅಷ್ಟೇ, ಮಣ್ಣು ಜಾಸ್ತಿ. ಈ ಪೆಟ್ಟಿ ಕೊಡೋ ಬೆಳೆ ಅಷ್ಟೇ ಅಣ್ಣಾ."

ತೋಟದವರು ಮಾಮನ ಕಡೆ ತಿರುಗಿ, "ಟಿವಿ ಕೇಳಕ್ ಬಂದ್ರೆ ಉಳೋದು ಕಲುಸ್ತಾವ್ನಲ್ಲಪ್ಪಾ ಇವ್ನು!" ಎಂದು ನಕ್ಕರು. ಇಪ್ಪತ್ತೊಂದನ್ನೇ ಕೊಂಡರು. ಆರು ತಿಂಗಳಲ್ಲಿ ಅವರ ಮೂವರು ಷಡ್ಡಕರು ಬಂದರು, ಮೂವರೂ ನೇರ ಮೂಲೆಯ ಸ್ಟೂಲಿಗೆ ಹೋದರು. ನನ್ನನ್ನು ನೀರು ಕೇಳಿದರು.

ಗೇಮಿನ ವೈರನ್ನು ಆಂಟೆನಾದ ತೂತಿಗೆ ಸಿಕ್ಕಿಸುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಮೂಗಿಂದ ಉಣ್ಣುಸ್ದಂಗೆ. ಅರ್ಧ ಮೀಸೆಗೇ ಓಯ್ತೈತೆ," ಎಂದು ಹಿಂದೆ ಕೈ ಹಾಕಿ ಹಳದಿ ವೈರಿನ ಜಾಗ ಹುಡುಕುತ್ತಿದ್ದ. ರೆಸಿಸ್ಟರ್ ಎಂಬ ಅಕ್ಕಿಕಾಳಿನಷ್ಟು ಬಿಡಿಭಾಗವಿದೆ. ಅದರ ಅಳತೆಯನ್ನು ಮೈಮೇಲಿನ ಬಣ್ಣದ ಪಟ್ಟಿಗಳಿಂದ ಓದುತ್ತಾರೆ. ಯಾವ ಮೆಕ್ಯಾನಿಕ್ಕೂ ಕಣ್ಣೋಡಿಸಿ ಹೇಳುತ್ತಾನೆ. ಅವನು ಒಂದೊಂದನ್ನೂ ಮೀಟರಿಗಿಟ್ಟು ಅಳೆಯುತ್ತಿದ್ದ. "ಪಟ್ಟಿ ಸುಳ್ಳೇಳ್ತೈತೆ, ಮುಳ್ಳು ಏಳಲ್ಲ," ಎನ್ನುತ್ತಿದ್ದ. ಎಂಥ ಶಿಸ್ತು ಎಂದು ಮಾಮ ನನಗೆ ಕೇಳುವಂತೆ ಹೊಗಳುತ್ತಿದ್ದರು.

ಎಲ್ಲ ಮುಗಿಸಿ, ಚಿತ್ರ ಬಂದ ಮೇಲೆ, ನನ್ನ ಕಡೆ ನೋಡದೆ, ಬಣ್ಣ ಹೊಂದಿಸುವ ಗುಬುಟಿನ ಮೇಲೆ ಬೆರಳಿಟ್ಟುಕೊಂಡು ಪ್ರತಿಸಲ ಕೇಳುತ್ತಿದ್ದ:

"ಕಲರ್ ಎಂಗೆ, ಮಾಪ್ಳೆ?"

"ಕೆಂಪು ಜಾಸ್ತಿ."

ಗುಬುಟು ತಿರುಗುತ್ತಿತ್ತು. "ಈಗ?"

"ಸೆರಿ."

ಅವನು ತಲೆಯಾಡಿಸುತ್ತಿದ್ದ, ಪಾಠ ಒಪ್ಪಿಸಿದ ಹುಡುಗನಿಗೆ ಮೇಷ್ಟ್ರು ಆಡಿಸಿದಂತೆ. ಗಿರಾಕಿಗಳ ಎದುರು, ಡಿಪ್ಲೊಮಾ ಮಾಡಿದವನಿಗೆ, ದಿನಕ್ಕೆ ನಾಲ್ಕೈದು ಪರೀಕ್ಷೆ. ನನಗೆ ಮೈ ಉರಿಯುತ್ತಿತ್ತು.

೫

ಅವನು ಬೋಡಿಯವನು, ಎಂದರೆ ಬೋಡಿನಾಯಕನೂರು, ಏಲಕ್ಕಿಯ ಊರು. ಅವನ ಅಪ್ಪ ಒಬ್ಬ ಏಲಕ್ಕಿ ವ್ಯಾಪಾರಿಯ ಮಂಡಿಯಲ್ಲಿ ತರ ವಿಂಗಡಿಸುವ ಕೆಲಸದಲ್ಲಿದ್ದರು. ಮಗ ಮಾತ್ರ ಏಲಕ್ಕಿಯ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದ. ಅದನ್ನೂ ನಾನು ಜಂಬದ ಲೆಕ್ಕಕ್ಕೆ ಹಾಕಿದ್ದೆ.

ಆ ವ್ಯಾಪಾರಿಯೇ ಒಂದು ಸಲ ನಮ್ಮಲ್ಲಿಗೆ ಬಂದರು. ಅವರ ಮಗಳು ಮಧುರೈಯಲ್ಲಿ ಓದುತ್ತಿದ್ದವಳು ರಜೆಗೆ ಬಂದಿದ್ದಳು, ಗೇಮಿನ ಹುಚ್ಚು. ಆ ದಿನ ಮೂಲೆಯ ಸ್ಟೂಲು ಖಾಲಿಯಿತ್ತು, ಅವನು ಯಾರದೋ ಮನೆಗೆ ಆಂಟೆನಾ ಕಟ್ಟಲು ಹೋಗಿದ್ದ. ಮಾಮನ ಗದ್ದ ಎದ್ದು, ಖಾಲಿ ಸ್ಟೂಲು ನೋಡಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಬೇರೆ ದಾರಿಯಿಲ್ಲದೆ ನನ್ನ ಕಡೆ ಬಂತು. ಅದರ ಸುಖ ಇವತ್ತಿಗೂ ನೆನಪಿದೆ. ಬೇರೆ ಎಲ್ಲ ಮರೆತರೂ ಇದು ಮರೆಯದಿರುವುದೇ ನನ್ನ ನೆನಪಿನ ಯೋಗ್ಯತೆ.

ಹೊಸದಾಗಿ ಬಂದಿದ್ದ ಒಂದು ದೊಡ್ಡ ಟಿವಿಯನ್ನು ಕೊಟ್ಟೆ. ಬೇರೆ ಟಿವಿಗಳು ಸೆಕೆಂಡಿಗೆ ಐವತ್ತು ಸಲ ಚಿತ್ರ ಬರೆದರೆ ಇದು ನೂರು ಸಲ, ಕಣ್ಣಿಗೆ ಮಿಣಮಿಣ ಇಲ್ಲ, ಎಂದೆಲ್ಲ ಹೇಳಿದೆ. ಎಲ್ಲವೂ ನಿಜ. ಸಂಜೆ ಬಂದವನು ಬಿಲ್ಲು ನೋಡಿ, "ಗೇಮಿಗಾ? ಅದಾ?" ಎಂದ. ಅಷ್ಟೇ. ಆ 'ಅದಾ' ನನ್ನ ನಿದ್ದೆ ಕೆಡಿಸಿತು.

ವಾರಕ್ಕೆ ಫೋನು ಬಂತು. ಇಬ್ಬರೂ ಬೋಡಿಗೆ ಬಸ್ಸು ಹತ್ತಿದೆವು. ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಏಲಕ್ಕಿ ಹರಡಿತ್ತು, ಒಳಗೆ ನನ್ನ ಟಿವಿ ದೇವರ ಹಾಗೆ ಕೂತಿತ್ತು. ಹುಡುಗಿ ಗೇಮಿನ ಹಿಡಿಕೆಯನ್ನು ನನ್ನ ಮಡಿಲಿಗೆ ಎಸೆದಳು.

"ನಾನು ಒತ್ತಿದ್ದು ನೆನ್ನೆ, ಅದು ಎಗರಿದ್ದು ಇವತ್ತು. ಏನಣ್ಣಾ ಟಿವಿ ಇದು?"

"ಒಸ ಗೇಮಲ್ವಾಮ್ಮಾ. ಕೈ ಪಳಗ್ಬೇಕು," ಎಂದೆ.

"ನನ್ ಕೈಯಾ? ಆಸ್ಟೆಲ್ಲಿನಾಗೆ ನನ್ನ ಸೋಲ್ಸೋರ್ ಇಲ್ಲ! ನಿಮ್ ಟಿವಿನೇ ಎತ್ತಿನ್ ಗಾಡಿ."

ಅವನು ಹಿಡಿಕೆ ತೊಗೊಂಡ, ಕಣ್ಣು ಮುಚ್ಚಿದ. ಕಣ್ಣು ಮುಚ್ಚಿ ಆಡಿದ! ಗುಂಡಿ ಒತ್ತುವುದು, ಕೇಳುವುದು, ಒತ್ತುವುದು, ಕೇಳುವುದು. ಆಮೇಲೆ ಕಣ್ಣು ತೆರೆದು ಇನ್ನೆರಡು ಸಲ ಒತ್ತಿ ಹೇಳಿದ:

"ಸದ್ದು ಮುಂದೆ ಬತ್ತೈತೆ, ಪಟ ಇಂದೆ ಬತ್ತೈತೆ. ಕಣ್ಣು ರೆಪ್ಪೆ ಬಡಿಯೋ ಒತ್ತಿನ್ ಅರ್ಧ ಇಲ್ಲ. ಆದ್ರೂ ಇಂದೆ. ಈ ಪೆಟ್ಟಿ ಯೋಚ್ನೆ ಮಾಡ್ತೈತೆ ತಾಯಿ. ಐವತ್ತನ್ನ ನೂರು ಮಾಡಕ್ಕೆ ಒಂದ್ ಪಟ ಇಟ್ಕಂಡು ಯೋಚ್ಸಿ ಆಮ್ಯಾಲೆ ಬುಡ್ತೈತೆ. ಸಿನ್ಮಾ ನೋಡಕ್ಕೆ ಸೆರಿ. ಆಡಕ್ಕೆ ಯೋಚ್ನೆ ಮಾಡ್ದಿರೋ ಪೆಟ್ಟಿ ಬೇಕು."

ಹುಡುಗಿ ನನ್ನನ್ನು ನೋಡಿದಳು. "ಕೇಳುದ್ರಾ?" ಎಂದಳು. ಆ ನೋಟ ಬರೆಯಲಾರೆ.

ವ್ಯಾಪಾರಿ ಕಾಫಿ ಕೊಡಿಸುತ್ತ ಅವನ ಬೆನ್ನು ತಟ್ಟಿದರು. "ಇಂಥೋನ್ನ ನಾನು ಕಳ್ಕಂಡೆ ನೋಡಪ್ಪಾ. ಇವ್ರಪ್ಪ ಇವ್ನ ತಂದು ಮಂಡೀಲಿ ಕೂರ್ಸಿದ್ರು. ಮೂರೇ ದಿನ! ಪಚ್ಚೆ ಕಾಯಿ, ಬಿಳುಚಿದ ಕಾಯಿ ಎಲ್ಲಾ ಒಂದೇ ಮೂಟೆಗ್ ತುಂಬ್ಬುಟ್ಟು ಓಡೋದ. ಸೋಂಬೇರಿ ಅಂತ ಇವ್ರಪ್ಪ ಬಾರುಕೋಲೇ ಎತ್ತಿದ್ರು." ಅವನು ನಕ್ಕ. ನಾನೂ ನಕ್ಕೆ, ಹೆಚ್ಚಾಗಿಯೇ.

ದೊಡ್ಡ ಟಿವಿ ವಾಪಸು ಬಂತು, ಇಪ್ಪತ್ತೊಂದು ಇಂಚಿನದು ಹೋಯಿತು. ಮಾಮ ಬಯ್ಯಲಿಲ್ಲ. ಗದ್ದ ಮೂಲೆಗೆ ಹೋಗಿ ಅಲ್ಲಿಯೇ ನಿಂತುಬಿಟ್ಟಿತು. ನಾವು ಬೋಡಿಗೆ ಹೋಗುವ ಮೊದಲೇ ಅವರು ದಿಂಡಿಗಲ್ಲಿನಲ್ಲಿ ಎರಡನೆಯ ಅಂಗಡಿ ತೆರೆಯುವ ಮಾತೆತ್ತಿದ್ದರು. ಅಲ್ಲಿ ಯಾರು ಕೂರಬೇಕೆಂದು ಹೇಳಿರಲಿಲ್ಲ. ಈಗ ಹೇಳಬೇಕಾದ್ದೇ ಇರಲಿಲ್ಲ.

೭

ಮುಂದಿನದನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ ಹೇಳಿದ್ದೇನೆಂದರೆ, ಈಗ ಅದು ನೆನಪಲ್ಲ, ಬಾಯಿಪಾಠ. ಬಾಯಿಪಾಠವನ್ನು ಇದ್ದ ಹಾಗೇ ಕೊಡುತ್ತೇನೆ.

ದಿಂಡಿಗಲ್ಲಿನ ಅಂಗಡಿಯ ಪೂಜೆಯ ದಿನ. ಬೀಗಕ್ಕೆ ಹೆಸರಾದ ಊರಿನಲ್ಲಿ ಅಂಗಡಿಯೆಂದು ಮಾಮ ಹೇಳಿ ಮಾಡಿಸಿದ ಬೀಗವೊಂದಿತ್ತು, ಅಂಗೈಯಗಲದ್ದು. ಬೀಗದ ಕೈಯನ್ನು ಸಂಜೆ ಒಬ್ಬನ ಕೈಗೆ ಕೊಡುತ್ತೇನೆ ಎಂದಿದ್ದರು. ಬಂದವರಿಗೆ ತೋರಿಸಲು ನಡುವೆ ಒಂದು ಟಿವಿ, ಅದಕ್ಕೆ ಜಪಾನಿನ ಗೇಮಿನ ಪೆಟ್ಟಿಗೆ. ತೋರಿಸುವವನು ಅವನೇ. ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಸ್ಟೂಲಿನ ಮೇಲಲ್ಲದೆ ನಿಂತು ಕೆಲಸ ಮಾಡಿದ್ದನ್ನು ಅಂದೇ ನಾನು ಕಂಡದ್ದು.

ಒಂದು ತಾಂತ್ರಿಕ ಮಾತು ಬೇಕು. ನಮ್ಮ ದೇಶದ ಬಣ್ಣದ ಸಿಗ್ನಲ್ಲು ಒಂದು ಬಗೆ, ಜಪಾನಿನ ಪೆಟ್ಟಿಗೆ ಕಳಿಸುವುದು ಇನ್ನೊಂದು ಬಗೆ. ಎರಡನ್ನೂ ಅರಿಯುವ ಟಿವಿಯ ಮೆನುವಿನಲ್ಲಿ ಯಾವ ಬಗೆ ಎಂದು ಆರಿಸುವ ಜಾಗವಿರುತ್ತದೆ. ಅದು ನಮ್ಮ ದೇಶದ ಬಗೆಗೇ ನಿಂತಿದ್ದರೆ ಜಪಾನಿನ ಪೆಟ್ಟಿಗೆಯಿಂದ ಚಿತ್ರ ಬರುತ್ತದೆ, ಬಣ್ಣ ಬರುವುದಿಲ್ಲ.

ಅಂದು ಬಂದದ್ದು ಕಪ್ಪುಬಿಳುಪು. ಕಾಡು, ಮರದಿಂದ ಮರಕ್ಕೆ ಎಗರುವ ಒಬ್ಬ ಕೆಂಪು ಟೋಪಿಯವನು, ಮೇಲೆ ಮೋಡ ಕವಿದ ಆಕಾಶ. ಎಲ್ಲ ಬೂದಿ. ಅವನು ಗತ್ತಿನಿಂದ ಆಡುತ್ತಿದ್ದಾನೆ. ಆಡುತ್ತ ಆಡುತ್ತ, ಜನರ ನಡುವೆ ನಿಂತಿದ್ದ ನನ್ನ ಕಡೆ ತಿರುಗಿ ಎಂದಿನಂತೆ ಕೇಳಿದ:

"ಕಲರ್ ಎಂಗೆ?"

ನಮ್ಮ ಮನೆಮಾತಿನಲ್ಲಿ ಎಂಗೆ ಎಂದರೆ ಹೇಗೆ. ದಿಂಡಿಗಲ್ಲಿನ ಜನಕ್ಕೆ ಕೇಳಿಸಿದ್ದು ತಮಿಳು. ತಮಿಳಿನಲ್ಲಿ ಎಂಗೆ ಎಂದರೆ ಎಲ್ಲಿ. ಬಣ್ಣವೇ ಇಲ್ಲದ ಟಿವಿಯ ಮುಂದೆ ನಿಂತು ಅಂಗಡಿಯವನೇ ಬಣ್ಣ ಎಲ್ಲಿ ಎನ್ನುತ್ತಿದ್ದಾನೆ! ಮುಂದೆ ನಿಂತಿದ್ದ ತೊಗಲು ಮಂಡಿಯ ಮುದುಕರೊಬ್ಬರು, "ಅದತ್ತಾನಪ್ಪಾ ನಾಂಗಳುಂ ಕೇಕ್ಕುರೋಂ!" ಎಂದರು. ಅದನ್ನೇ ಅಲ್ಲವೇನಪ್ಪಾ ನಾವೂ ಕೇಳುತ್ತಿರುವುದು. ಅಂಗಡಿಯೇ ನಕ್ಕಿತು. ಅವನು ಮೆಚ್ಚುಗೆಯ ನಗೆ ಎಂದುಕೊಂಡು, ಟಿವಿಯ ಕಡೆ ಕೈ ಚಾಚಿ ತಮಿಳಿನಲ್ಲಿ ಘೋಷಿಸಿದ: "ಕಲರ್ ಪಾರುಂಗ! ಮರಂ ಪೂರಾ ಪಚ್ಚೆ!" ಬಣ್ಣ ನೋಡಿ, ಮರ ಪೂರ್ತಿ ಹಸಿರಂತೆ. ಮುದುಕರಿಗೆ ಕೆಮ್ಮು ಹತ್ತಿತು ನಕ್ಕು ನಕ್ಕು.

ಮಾಮ ಮುಂದೆ ಬಂದು, "ಏನ್ಲಾ ಇದು?" ಎಂದರು. ನಾನು ರಿಮೋಟು ತೊಗೊಂಡು ಮೂರು ಗುಂಡಿ ಒತ್ತಿದೆ. ಬಣ್ಣ ನುಗ್ಗಿ ಬಂತು. ಜನ ಚಪ್ಪಾಳೆ ಹೊಡೆದರು. ಯಾರೋ ಒಬ್ಬರು ಟಿವಿಯ ವಿಷಯ ಕೇಳಿದರು, ಮಾಮನ ಗದ್ದ ಎದ್ದಿತು, ನನ್ನ ಕಡೆ ತಿರುಗಿತು.

ಸಂಜೆ ಬೀಗದ ಕೈ ನನಗೆ ಬಂತು. ಅವನು ಬೋಡಿಗೆ ಹೋದ, ಮನೆಯಲ್ಲೇ ರಿಪೇರಿ ಇಟ್ಟುಕೊಂಡ. ಇಲ್ಲಿಗೆ ಮದುವೆ ಮನೆಯ ಕತೆ ಮುಗಿಯುತ್ತದೆ, ಒಂಬತ್ತನೆಯ ಸಾಲು ಅದಕ್ಕಿಲ್ಲ. ಎಲ್ಲರೂ ನಗುತ್ತಾರೆ, ಯಾರಾದರೂ ಪಾಯಸ ಬಡಿಸುತ್ತಾರೆ.

೨

ಈಗ ಬಿಟ್ಟ ಸಾಲುಗಳಿಗೆ ಬರುತ್ತೇನೆ.

ರೆಸಿಸ್ಟರುಗಳನ್ನೆಲ್ಲ ಮೀಟರಿಗಿಡುತ್ತಿದ್ದ ಎಂದೆ. ಮೀಟರ್ ಕೆಟ್ಟ ದಿನ ಏನು ಮಾಡುತ್ತಿದ್ದ ಎಂದು ಹೇಳಲಿಲ್ಲ. ನನ್ನನ್ನು ಕರೆಯುತ್ತಿದ್ದ. "ಸೀಸದ ಒಗೆ ಕಣ್ಣಿಗ್ ತುಂಬೈತೆ, ಇದ್ನ ಓದು ಮಾಪ್ಳೆ." ನಾನು ಓದುತ್ತಿದ್ದೆ: ಕಂದು, ಕಪ್ಪು, ಕೆಂಪು. ಹಸಿರು, ನೀಲಿ, ಹಳದಿ. ಅವನು ಒಂದನ್ನೂ ಮರುಪ್ರಶ್ನೆ ಮಾಡದೆ ಬೆಸುಗೆ ಹಾಕುತ್ತಿದ್ದ. ಮೇಷ್ಟ್ರಾಗಿದ್ದರೆ ಒಂದು ಸಲವಾದರೂ ತಪ್ಪು ಎನ್ನಬೇಕಿತ್ತಲ್ಲ? ಆ ಎರಡು ವರ್ಷ ಅವನು ನನ್ನನ್ನು ತಿದ್ದಿದ್ದು ಒಂದು ಸಲವೂ ಇಲ್ಲ. ಇದು ನನಗೆ ಆಗಲೇ ಹೊಳೆದಿತ್ತೇ? ಹೊಳೆದಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಕೈಯನ್ನು ತಡೆದಿದ್ದೇನೆ.

೪

ಇಲ್ಲಿ ಅವನು ನನಗೆ ಮಾಡಿದ ಯಾವುದೋ ಉಪಕಾರವಿತ್ತು. ನನ್ನ ಜ್ವರವೋ, ಅಪ್ಪನ ಆಸ್ಪತ್ರೆಯೋ. ನೆನಪಿಲ್ಲ. ಹೊಟ್ಟೆಕಿಚ್ಚು ಉಪಕಾರಗಳನ್ನು ಇಟ್ಟುಕೊಳ್ಳುವುದಿಲ್ಲ. ಈ ಸಾಲು ಕಪ್ಪಾಗಿಯೇ ಇರಲಿ.

೬

ಬೋಡಿಯಿಂದ ವಾಪಸು ಬರುವ ಬಸ್ಸು. ಮಧ್ಯಾಹ್ನ, ಕಿಟಕಿಯ ಕಡೆ ಅವನು. ವ್ಯಾಪಾರಿ ಇಬ್ಬರಿಗೂ ಒಂದೊಂದು ಹಿಡಿ ಏಲಕ್ಕಿ ಕೊಟ್ಟಿದ್ದರು. ಅವನು ತನ್ನದನ್ನು ಜೇಬಿನಿಂದ ತೆಗೆದು ಅಂಗೈಯಲ್ಲಿ ಹರಡಿದ.

"ಇದ್ರಾಗೆ ಯಾವ್ದು ಪಚ್ಚೆ, ಮಾಪ್ಳೆ?"

ಇನ್ನೂ ಪರೀಕ್ಷೆಯೇ, ಇವತ್ತು ಕೂಡ, ಎಂದುಕೊಂಡೆ. ನಾಲ್ಕನ್ನು ಬೆರಳಿನಿಂದ ಆಚೆ ಸರಿಸಿದೆ. "ಇವು."

"ಉಳ್ದಿದ್ದು?"

"ಬಿಳುಚಿದ್ದು. ಕಾಣ್ತಿಲ್ವಾ?"

"ಇಲ್ಲ."

ನಾನು ಅವನ ಮುಖ ನೋಡಿದೆ. ಅವನು ಅಂಗೈ ನೋಡುತ್ತಿದ್ದ.

"ನಂಗೆ ಎಲ್ಲಾ ಒಂದೇ. ಒಣಗಿದ್ ಎಲೆ ಇರ್ತೈತಲ್ಲ, ಅಂಗೆ. ನೀಲಿ ಕಾಣ್ತೈತೆ, ಅರಿಶಿಣ ಕಾಣ್ತೈತೆ. ಪಚ್ಚೆ, ಕೆಂಪು ಕೇಳ್ಬ್ಯಾಡ. ಅಪ್ಪಂಗೂ ಏಳಿಲ್ಲ. ಸೋಂಬೇರಿ ಅಂತ ಒಡುಸ್ಕಂಡೆ, ಕುರುಡ ಅನ್ಸ್ಕಣದುಕ್ಕಿಂತ ವಾಸಿ ಅಂತ."

"ಮತ್ತೆ ಟಿವಿ?"

"ಸಾಲು ನಂಗ್ ಕಾಣ್ತೈತೆ. ಕಲರ್ ಗೆ ನೀನಿದ್ದೀಯಲ್ಲ." ನಕ್ಕ. "ಮಾಮಂಗ್ ಏಳ್ಬ್ಯಾಡ. ದಿಂಡಿಗಲ್ಗೆ ಇಬ್ರೂ ಓಗಾನ. ನೀನು ಮುಂದೆ ಕೂತ್ಕ, ನಾನು ಇಂದೆ ಕೂತ್ಕತೀನಿ. ಒಬ್ಬನ್ನೇ ಕಳ್ಸುದ್ರೆ ನಾ ಓಗಲ್ಲ ಅಂದ್ಬುಡ್ತೀನಿ."

ನಾನು ಒಳ್ಳೆಯವನಾಗಿದ್ದರೆ ಹೊಟ್ಟೆಕಿಚ್ಚು ಆ ಬಸ್ಸಿನಲ್ಲೇ ಇಳಿದು ಹೋಗಬೇಕಿತ್ತು. ದಿನಕ್ಕೆ ನಾಲ್ಕೈದು ಸಲ ನಾನು ಪರೀಕ್ಷೆ ಎಂದುಕೊಂಡದ್ದು ಬೇಡಿಕೆಯಾಗಿತ್ತು. ಅವನ ವಿದ್ಯೆಯಲ್ಲಿ ಅರ್ಧ ನನ್ನ ಕಣ್ಣಿತ್ತು. ಆದರೆ ನನಗೆ ಅನ್ನಿಸಿದ್ದು ಬೇರೆ. ಅರ್ಧ ಕಾಣದವನೇ ಹೀಗಿದ್ದರೆ, ಪೂರ್ತಿ ಕಾಣುವ ನಾನು ಯಾವ ಲೆಕ್ಕದವನು? ಅದುವರೆಗೆ ಅವನ ಬಳಿ ನನಗಿಲ್ಲದ್ದು ಏನೋ ಇದೆ ಎಂಬ ನೆಪವಿತ್ತು. ಬಸ್ಸು ತೇನಿಗೆ ಬರುವ ಹೊತ್ತಿಗೆ ಅದೂ ಹೋಗಿತ್ತು.

೮

ಟಿವಿಯ ಮೆನುವನ್ನು ತಪ್ಪು ಬಗೆಗೆ ತಿರುಗಿಸಿಟ್ಟವನು ನಾನೇ? ಹೊಸ ಟಿವಿ ಡಬ್ಬಿಯಿಂದ ಬರುವಾಗಲೇ ಹಾಗಿರುವುದುಂಟು. ಬೆಳಿಗ್ಗೆ ರಿಮೋಟು ನನ್ನ ಕೈಯಲ್ಲಿತ್ತು, ಅಷ್ಟು ನಿಜ. ಒಮ್ಮೊಮ್ಮೆ ಬೆರಳು ಒತ್ತಿದ್ದು ನೆನಪಾಗುತ್ತದೆ. ಒಮ್ಮೊಮ್ಮೆ ಆ ನೆನಪನ್ನು ನಾನೇ ಆಮೇಲೆ ಮಾಡಿಕೊಂಡೆ ಎನ್ನಿಸುತ್ತದೆ, ಶಿಕ್ಷೆಗೆ ಬೇಕಾಗಿ. ಅದನ್ನು ಆಣೆ ಇಟ್ಟು ಹೇಳಲಾರೆ.

ಇದನ್ನು ಹೇಳಬಲ್ಲೆ. ಮದುವೆ ಮನೆಯ ಕತೆಯಲ್ಲಿ ಅವನು "ಕಲರ್ ಎಂಗೆ?" ಎನ್ನುತ್ತಾನೆ, ಜನ ನಗುತ್ತಾರೆ, ಅವನು "ಮರಂ ಪೂರಾ ಪಚ್ಚೆ" ಎನ್ನುತ್ತಾನೆ. ಆ ಎರಡು ಮಾತಿನ ನಡುವೆ ಒಂದು ಸಾಲಿದೆ. ನಗು ಕೇಳಿದಾಗ ಅವನು ಮೆ‍ಚ್ಚುಗೆ ಎಂದುಕೊಳ್ಳಲಿಲ್ಲ. ಅವನಿಗೆ ಅನುಮಾನ ಬಂತು; ಆ ಆಟದಲ್ಲಿ ಅವನಿಗೆ ಕಾಣುವ ನೀಲಿಯಾಗಲಿ ಹಳದಿಯಾಗಲಿ ಇರಲಿಲ್ಲ. ನಗುವವರನ್ನೆಲ್ಲ ಬಿಟ್ಟು ನನ್ನ ಮುಖವನ್ನೇ ನೋಡಿ, ದನಿ ತಗ್ಗಿಸಿ ಮತ್ತೆ ಕೇಳಿದ:

"ಮಾಪ್ಳೆ? ಎಂಗೆ?"

"ಸೆರಿಗೈತೆ ಮಚ್ಚಾನ್," ಎಂದೆ. "ಮರ ಪೂರಾ ಪಚ್ಚೆ."

ಅವನ ಮುಖ ಅರಳಿತು. ಜನರ ಕಡೆ ತಿರುಗಿ ನನ್ನ ಮಾತನ್ನೇ ತಮಿಳಿಗೆ ತಿರುಗಿಸಿ ಹೇಳಿದ.

೧೦

ಹನ್ನೊಂದನೆಯ ದಿನ ಬೋಡಿಗೆ ಹೋದೆ. ಅವನ ಹೆಂಡತಿಯನ್ನು ನಾನು ಅಲ್ಲಿಯವರೆಗೆ ಮೂರು ಸಲ ನೋಡಿದ್ದೇನೋ ಏನೋ. ನೆಂಟರು ಊಟ ಮುಗಿಸಿ ಜಗಲಿಗೆ ಹೋಗಿದ್ದರು. ಒಳಗೆ ಗೋಡೆಗೆ ಒರಗಿ ಅದೇ ಕಾಲದ ಒಂದು ಇಪ್ಪತ್ತೊಂದು ಇಂಚಿನ ಟಿವಿ. ಅವಳೇ ಹೋಗಿ ಹಾಕಿದಳು, ಬಂದವನಿಗೆ ಏನಾದರೂ ಮಾಡಬೇಕಲ್ಲ ಎನ್ನುವ ಹಾಗೆ.

ಚಿತ್ರ ಬಂತು. ಕಪ್ಪುಬಿಳುಪು.

ಅವಳು ಹೇಳಿದಳು:

"ಕೆಟ್ಟಿಲ್ಲ ಅಣ್ಣಾ, ಅವ್ರೇ ಅಂಗಿಟ್ಟವ್ರೆ. ಮದ್ವೆಯಾಗ್ ಬಂದಾಗಿಂದ ಈ ಮನೇಲಿ ಕಲರ್ ನೋಡಿಲ್ಲ. ಎಷ್ಟೋ ಸತಿ ಜಗಳ ಆಡ್ದೆ. ಇಂಗಿದ್ರೆ ಯಾರ್ನೂ ಕೇಳೋ ಅಂಗಿಲ್ಲ ಅಂತಿದ್ರು."

"ನನ್ ಸುದ್ದಿ ಏನಾದ್ರೂ..." ಎಂದೆ.

"ನಿಮ್ ಸುದ್ದೀನಾ? ಅವ್ನಿಗೆ ಒಳ್ಳೆ ಕಣ್ಣು ಅಂತಿದ್ರು."

ರಿಮೋಟನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. "ಒಸಿ ಕಲರ್ ಇಟ್ಕೊಡಿ ಅಣ್ಣಾ, ನಿಮ್ಗೆ ಬತ್ತೈತಲ್ಲ."

ನಾನು ಟಿವಿಯ ಹತ್ತಿರ ಹೋದೆ. ಗಾಜಿಗೆ ಮೂಗು ತಾಗುವಷ್ಟು. ಯಾವುದೋ ವಾರ್ತೆ ಓದುತ್ತಿದ್ದ ಹೆಂಗಸು, ಅವಳ ಸೀರೆಯ ಅಂಚಿನ ಒಂದೊಂದು ಎಳೆ ಬೇರೆ ಬೇರೆ ಕಾಣುತ್ತಿತ್ತು. ಬಣ್ಣ ತೆಗೆದರೆ ಸಾಲುಗಳು ಒಂದರ ಮೇಲೊಂದು ಹರಡುವುದಿಲ್ಲ, ಚೂಪಾಗುತ್ತವೆ. ಅದು ಡಿಪ್ಲೊಮಾದಲ್ಲೂ ಇತ್ತು. ಆದರೆ ಇಷ್ಟು ಚೂಪೇ? ಇಪ್ಪತ್ತು ವರ್ಷ ದಾಟಿದ ಗಾಜಿನಲ್ಲೇ? ದಿಂಡಿಗಲ್ಲಿನ ನನ್ನ ಅಂಗಡಿಯಲ್ಲಿ, ಆ ಬೀಗ ತೆಗೆದ ದಿನದಿಂದ ಇವತ್ತಿನವರೆಗೆ, ಇಂಥ ಚಿತ್ರ ಒಂದು ದಿನವೂ ಬಂದಿಲ್ಲ. ಬರಿಸಲು ನನಗೆ ಬಂದಿಲ್ಲ.

ಸತ್ತವನ ಮನೆಯಲ್ಲಿ, ಅವನ ಟಿವಿಯ ಮುಂದೆ, ಅವನ ರಿಮೋಟು ಹಿಡಿದು ನಿಂತಾಗ ನನಗೆ ಹೊಟ್ಟೆಕಿಚ್ಚಾಯಿತು. ಹಳೆಯದಲ್ಲ. ಹೊಸದು, ಆಗ ತಾನೆ ಹೊತ್ತಿಕೊಂಡದ್ದು.

ಹಿಂದಿನಿಂದ ಅವಳು ಕೇಳಿದಳು:

"ಎಂಗೈತೆ ಅಣ್ಣಾ?"

"ಸೆರಿಗೈತೆ," ಎಂದೆ. ಈ ಸಲ ಸುಳ್ಳಲ್ಲ. ರಿಮೋಟನ್ನು ಟಿವಿಯ ಮೇಲಿಟ್ಟೆ. "ಮುಟ್ಬ್ಯಾಡ ತಂಗಚ್ಚಿ. ಅಂಗೇ ಇರ್ಲಿ."